ರಜೆ ದಿನ ಓರಣ ಮಾಡಿದ ಮನೆ ಎರಡೇ ದಿನಕ್ಕೆ ಚೆಲ್ಲಾಪಿಲ್ಲಿ: ನೀವೆಲ್ಲ ಏನು ಮಾಡ್ತೀರಿ?

ಕುರ್ಚಿಮೇಲಿನಬಟ್ಟೆ

ಎಲ್ಲರಿಗೂ ನಮಸ್ಕಾರ. ಮನೆಯಲ್ಲಿ ನಾಲ್ಕು ಜನ ಇದ್ದೇವೆ. ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಮಕ್ಕಳಿಬ್ಬರು ಶಾಲೆಗೆ. ವಾರದ ರಜೆಯಲ್ಲಿ ಅರ್ಧ ದಿನ ಕೂತು ಮನೆಯೆಲ್ಲ ಓರಣ ಮಾಡುತ್ತೇನೆ. ಸಂಜೆ ನೋಡಿದರೆ ಖುಷಿಯಾಗುತ್ತದೆ. ಎರಡು ದಿನ ಕಳೆಯುವಷ್ಟರಲ್ಲಿ ಊಟದ ಮೇಜಿನ ಮೇಲೆ ಚಾರ್ಜರ್, ಪುಸ್ತಕ, ಬಿಲ್ಲು, ಬಾಚಣಿಗೆ ಎಲ್ಲ ಬಂದು ಕೂತಿರುತ್ತವೆ. ಮಲಗುವ ಕೋಣೆಯ ಕುರ್ಚಿ ಬಗ್ಗೆ ಹೇಳೋದೇ ಬೇಡ, ನನ್ನ ಹೆಸರು ನೋಡಿದರೇ ಗೊತ್ತಾಗುತ್ತೆ.

ನನಗೆ ಎರಡು ವಿಷಯ ತಿಳಿಯಬೇಕು. ಯಾವಾಗ ಹೋದರೂ ಮನೆ ನೀಟಾಗಿಯೇ ಇರುವವರು ದಿನಾ ನಿಜವಾಗಿ ಏನು ಮಾಡುತ್ತಾರೆ? ಮತ್ತೆ, ಈ ಚೆಲ್ಲಾಪಿಲ್ಲಿ ಮನೆಯಲ್ಲಿ ಒಬ್ಬರ ಕಣ್ಣಿಗೆ ಮಾತ್ರ ಬೀಳುವುದು, ಉಳಿದವರು ಅದನ್ನು ದಾಟಿಕೊಂಡು ಹಾಯಾಗಿ ಓಡಾಡುವುದು, ಇದಕ್ಕೆ ಏನಾದರೂ ಮದ್ದಿದೆಯಾ?

ದಯವಿಟ್ಟು "ಸಾಮಾನು ಕಡಿಮೆ ಮಾಡಿ" ಅಂತ ಒಂದು ಸಾಲು ಬರೆದು ಹೋಗಬೇಡಿ.

ಒಂದೇಸಾಲು

ಸಾಮಾನು ಕಡಿಮೆ ಮಾಡಿ.

ಮುಚ್ಚಳವಿಲ್ಲದಬುಟ್ಟಿ

ಒಂದೇಸಾಲು ಅವರು ಹೇಳಿದ್ದು ಸುಳ್ಳಲ್ಲ, ಆದರೆ ಅಷ್ಟರಿಂದಲೇ ಆಗುವುದಿಲ್ಲ. ಮೊದಲು ಒಂದು ಸಣ್ಣ ವಿಷಯ ನೋಡಿ. ವಸ್ತುವನ್ನು ತೆಗೆಯುವಾಗ ನಮಗೆ ಅದು ಬೇಕಾಗಿರುತ್ತದೆ. ನಾಲ್ಕು ಬಾಗಿಲು ತೆರೆದಾದರೂ ತೆಗೆಯುತ್ತೇವೆ. ವಾಪಸ್ ಇಡುವಾಗ ಯಾವ ತುರ್ತೂ ಇರುವುದಿಲ್ಲ. ಕೆಲಸ ಮುಗಿದಿದೆ, ಮನಸ್ಸು ಮುಂದಿನದಕ್ಕೆ ಹೋಗಿದೆ. ಆಗ ಒಂದು ಮುಚ್ಚಳ ಅಡ್ಡ ಬಂದರೂ ಸಾಕು, ಅಲ್ಲೇ ಎಲ್ಲೋ ಇಟ್ಟು ಹೋಗಿಬಿಡುತ್ತೇವೆ. ಆದರೂ ಕಪಾಟು ಜೋಡಿಸುವಾಗ ನಾವು ನೋಡುವುದು ತೆಗೆಯಲು ಸುಲಭವಾ, ಕಣ್ಣಿಗೆ ಚೆನ್ನಾಗಿದೆಯಾ ಅಂತ. ವಾಪಸ್ ಇಡಲು ಎಷ್ಟು ಕೆಲಸ ಅಂತ ಯಾರೂ ಎಣಿಸುವುದಿಲ್ಲ.

ಒಮ್ಮೆ ಎಣಿಸಿ. ಕತ್ತರಿಯನ್ನೇ ತೆಗೆದುಕೊಳ್ಳಿ. ಕಪಾಟಿನ ಬಾಗಿಲು ತೆರೆಯಬೇಕು, ಮೇಲಿನ ಡಬ್ಬ ಸರಿಸಬೇಕು, ಕೆಳಗಿನ ಡಬ್ಬ ಎಳೆಯಬೇಕು, ಮುಚ್ಚಳ ತೆಗೆಯಬೇಕು, ಕತ್ತರಿ ಹಾಕಬೇಕು. ಆಮೇಲೆ ಇಷ್ಟನ್ನೂ ಹಿಂದುಮುಂದಾಗಿ ಇನ್ನೊಮ್ಮೆ. ಈ ಕತ್ತರಿ ಮೇಜಿನ ಮೇಲೆ ಉಳಿಯದೆ ಇನ್ನೇನು ಮಾಡುತ್ತೆ ಹೇಳಿ? ಅದನ್ನೇ ಕಪಾಟಿನ ಪಕ್ಕದ ಮೊಳೆಗೆ ತೂಗುಹಾಕುವ ಹಾಗಿದ್ದರೆ ಒಂದೇ ಸಲಕ್ಕೆ ಕೆಲಸ ಮುಗಿಯಿತು.

ನಮ್ಮ ಮನೆಯಲ್ಲಿ ಒಗೆಯುವ ಬಟ್ಟೆಯ ಬುಟ್ಟಿಗೆ ಮುಚ್ಚಳ ಇತ್ತು. ಬಟ್ಟೆ ಒಳಗೆ ಹೋಗುತ್ತಿರಲಿಲ್ಲ, ಮುಚ್ಚಳದ ಮೇಲೆ ಗುಡ್ಡೆ ಬೀಳುತ್ತಿತ್ತು. ಹೇಳಿದ್ದಾಯ್ತು, ಬೈದಿದ್ದಾಯ್ತು, ಚೀಟಿ ಅಂಟಿಸಿದ್ದೂ ಆಯ್ತು. ಮುಚ್ಚಳ ಕಿತ್ತು ಅಟ್ಟಕ್ಕೆ ಹಾಕಿದ ಮೇಲೆ ಬಟ್ಟೆ ತಾನಾಗಿ ಒಳಗೆ ಬೀಳತೊಡಗಿತು. ಮನೆಯವರು ಇವತ್ತಿಗೂ ಹಾಗೇ ಇದ್ದಾರೆ.

ಹಾಗಾಗಿ ಒಂದು ವಾರ ಏನೂ ಓರಣ ಮಾಡಬೇಡಿ. ಯಾವ ವಸ್ತು ದಿನಾ ಎಲ್ಲಿ ಬಂದು ಬೀಳುತ್ತದೆ ಅಂತ ಸುಮ್ನೆ ಗಮನಿಸಿ. ಕೀಲಿಕೈ ಬಾಗಿಲ ಪಕ್ಕದ ಮೇಜಿನ ಮೇಲೆ ಬೀಳುತ್ತಿದ್ದರೆ ಅದರ ಜಾಗ ಅದೇ. ಅಲ್ಲೇ ಒಂದು ಕೊಕ್ಕೆ ಹೊಡೆಯಿರಿ ಅಥವಾ ಸಣ್ಣ ತಟ್ಟೆ ಇಡಿ. ಮನೆಯ ಅತಿ ಸೋಮಾರಿ ವ್ಯಕ್ತಿ ಸುಸ್ತಾಗಿ ಬಂದ ದಿನವೂ ಪಾಲಿಸಬಹುದಾದ ಏರ್ಪಾಡು ಮಾತ್ರ ಉಳಿಯುತ್ತದೆ. ನಿಮಗೆ ಯಾವುದು ಸುಲಭ ಅನ್ನುವುದು ಲೆಕ್ಕಕ್ಕಿಲ್ಲ. ನೀವು ಹೇಗೂ ಮಾಡುತ್ತೀರಿ.

ಸೋಮಾರಿಸಂಘ

ಅತಿ ಸೋಮಾರಿ ವ್ಯಕ್ತಿಗಳ ಪರವಾಗಿ: ಮೇಲಿನದು ನೂರಕ್ಕೆ ನೂರು ನಿಜ. ಬಾಗಿಲಿರುವ ಯಾವುದರೊಳಗೂ ನಾನು ಏನನ್ನೂ ವಾಪಸ್ ಇಟ್ಟ ದಾಖಲೆ ಇಲ್ಲ.

ಕುರ್ಚಿಮೇಲಿನಬಟ್ಟೆ

ಹಾಗಾದರೆ ನನ್ನ ಕುರ್ಚಿ? ಅಲ್ಲಿ ಬೀಳೋದು ಕೊಳೆ ಬಟ್ಟೆ ಅಲ್ಲ. ಒಮ್ಮೆ ಹಾಕಿದ್ದು. ಒಗೆಯುವಷ್ಟು ಕೊಳೆಯಾಗಿಲ್ಲ, ಒಗೆದ ಬಟ್ಟೆ ಜೊತೆ ಇಡಲೂ ಮನಸ್ಸು ಬರುವುದಿಲ್ಲ.

ಮುಚ್ಚಳವಿಲ್ಲದಬುಟ್ಟಿ

ಅದಕ್ಕೇ ಅದು ಕುರ್ಚಿಗೆ ಬರುವುದು. ಒಗೆದ ಬಟ್ಟೆಗೆ ಜಾಗ ಇದೆ, ಕೊಳೆ ಬಟ್ಟೆಗೆ ಜಾಗ ಇದೆ, ಈ ಮೂರನೇ ಬಗೆಗೆ ಇಲ್ಲ. ಬಾಗಿಲ ಹಿಂದೆ ಆರೇಳು ಗೂಟ ಹೊಡೆಸಿ. ಗೂಟ ತುಂಬಿದರೆ ಒಗೆಯುವ ದಿನ ಬಂತು ಅಂತ ಲೆಕ್ಕ. ಕುರ್ಚಿಗೆ ಈ ಮಿತಿ ಇಲ್ಲ, ಎಷ್ಟು ಹೇರಿದರೂ ಹಿಡಿಯುತ್ತದೆ. ಗೂಟದಲ್ಲಿ ಬಟ್ಟೆಗೆ ಗಾಳಿಯೂ ಆಡುತ್ತೆ, ಬೆವರಿನ ವಾಸನೆ ಕೂರುವುದಿಲ್ಲ.

ಮನೆಯಲ್ಲಿ ಎಲ್ಲೇ ಗುಡ್ಡೆ ಬಿದ್ದರೂ ಹೀಗೇ ಹುಡುಕಿ. ಜಾಗ ಇಲ್ಲದ ಯಾವುದೋ ಒಂದು ಬಗೆ ಅಲ್ಲಿರುತ್ತದೆ. ಯಾರಿಗೋ ವಾಪಸ್ ಕೊಡಬೇಕಾದ್ದು, ರಿಪೇರಿಗೆ ಹೋಗಬೇಕಾದ್ದು, ಸಹಿ ಹಾಕಬೇಕಾದ ಕಾಗದ. ಇವೆಲ್ಲ ಅರ್ಧ ಮುಗಿದ ಕೆಲಸಗಳು, ಕಪಾಟಿಗೆ ಹಾಕಿದರೆ ಮರೆತೇ ಹೋಗುತ್ತವೆ ಅನ್ನುವ ಭಯಕ್ಕೆ ಕಣ್ಣೆದುರು ಇಟ್ಟುಕೊಂಡಿರುತ್ತೇವೆ. ಹೊರಬಾಗಿಲ ಹತ್ತಿರ ಒಂದು ಚೀಲ ತೂಗುಹಾಕಿ, ಮನೆಯಿಂದ ಆಚೆ ಹೋಗಬೇಕಾದ್ದೆಲ್ಲ ಅದರಲ್ಲಿ ಇರಲಿ.

ಸ್ಪ್ಯಾನರ್

ಕಾರ್ಖಾನೆಯ ನಿರ್ವಹಣೆ ವಿಭಾಗದಲ್ಲಿ ನನ್ನ ಕೆಲಸ. ನೀವು ಹೇಳುತ್ತಿರುವುದನ್ನು ಜಪಾನಿನ ಕಾರ್ಖಾನೆಗಳು 5ಎಸ್ ಅನ್ನುವ ಹೆಸರಿನಲ್ಲಿ ಕ್ರಮಕ್ಕೆ ತಂದು ದಶಕಗಳೇ ಆದವು. ಮೊದಲು ಬೇಡದ್ದನ್ನು ಬೇರೆ ಮಾಡುವುದು. ಆಮೇಲೆ ಬೇಕಾದ್ದಕ್ಕೆ ಜಾಗ ಗೊತ್ತು ಮಾಡುವುದು. ಮೂರನೆಯದು ಗುಡಿಸಿ ಒರೆಸುವುದು. ನಂತರ ಎಲ್ಲರಿಗೂ ಒಂದೇ ಪದ್ಧತಿ, ಕೊನೆಗೆ ಅದನ್ನು ಬಿಡದೆ ನಡೆಸಿಕೊಂಡು ಹೋಗುವುದು. ಮನೆಗಳಲ್ಲಿ ಸೀದಾ ಮೂರನೆಯದರಿಂದ ಶುರು ಮಾಡುತ್ತಾರೆ. ಪ್ರತಿ ವಾರ ಅದೇ ಕೆಲಸ ಮತ್ತೆ ಬರದೆ ಇರುತ್ತಾ?

ನಮ್ಮಲ್ಲಿ ಉಪಕರಣ ತೂಗುಹಾಕುವ ಹಲಗೆಯ ಮೇಲೆ ಪ್ರತಿ ಸ್ಪ್ಯಾನರಿನ ಆಕಾರಕ್ಕೂ ಬಣ್ಣ ಬಳಿದಿರುತ್ತೇವೆ. ಒಂದು ಕಾಣೆಯಾದರೆ ಖಾಲಿ ಆಕಾರ ಎದ್ದು ಕಾಣುತ್ತದೆ. ಯಾರೂ ಯಾರನ್ನೂ ಕೇಳಬೇಕಿಲ್ಲ. ಮನೆಯಲ್ಲೂ ಇದು ನಡೆಯುತ್ತೆ. ಡ್ರಾಯರಿನ ತಳಕ್ಕೆ ಕಾಗದ ಹಾಸಿ. ಕತ್ತರಿ, ಟೇಪು, ಸ್ಟೇಪ್ಲರ್, ಅಳತೆ ಪಟ್ಟಿ ಇಟ್ಟು ಒಂದೊಂದರ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆಯಿರಿ. "ಇದನ್ನೆಲ್ಲಿ ಇಡಲಿ?" ಅನ್ನುವ ಪ್ರಶ್ನೆಯೇ ಬರುವುದಿಲ್ಲ. ಐದು ವರ್ಷದ ಮಗುವೂ ಇಡುತ್ತದೆ.

ಗೆರೆಕೋಲು

ಸ್ಪ್ಯಾನರ್ ಅವರೇ, ಕಾರ್ಖಾನೆಯ ಈ ವಿದ್ಯೆ ಮನೆಗೆ ಬಂದು ನೂರು ವರ್ಷವಾಯಿತು. ಮನೆಯ ನಕ್ಷೆ ಹಾಕುವುದು ನನ್ನ ಕೆಲಸ, ಅದಕ್ಕೇ ಸ್ವಲ್ಪ ಕೊರೆಯುತ್ತೇನೆ, ಸಹಿಸಿಕೊಳ್ಳಿ.

1926ರಲ್ಲಿ ಮಾರ್ಗರೇಟೆ ಶುಟ್ಟೆ-ಲಿಹೋಟ್ಸ್ಕಿ ಅನ್ನುವ ಆಸ್ಟ್ರಿಯಾದ ವಾಸ್ತುಶಿಲ್ಪಿ ಜರ್ಮನಿಯ ಫ್ರಾಂಕ್‌ಫರ್ಟ್ ನಗರದ ಹೊಸ ವಸತಿಗಳಿಗೆ ಒಂದು ಅಡುಗೆಮನೆ ರೂಪಿಸಿದರು. ಅಗಲ ಎರಡು ಮೀಟರಿಗೂ ಕಡಿಮೆ, ಉದ್ದ ಸುಮಾರು ಮೂರೂವರೆ ಮೀಟರ್. ಕೆಲಸ ಮಾಡುವವರು ಎಷ್ಟು ಹೆಜ್ಜೆ ಇಡುತ್ತಾರೆ, ಎಲ್ಲಿಗೆ ಕೈ ಚಾಚುತ್ತಾರೆ ಅನ್ನುವುದನ್ನು ಲೆಕ್ಕ ಹಾಕಿ ಮಾಡಿದ್ದು. ದಿನಸಿಗೆ ಅಲ್ಯೂಮಿನಿಯಂ ಡ್ರಾಯರುಗಳು, ಒಂದೊಂದರ ಮೇಲೂ ಒಳಗೇನಿದೆ ಅನ್ನುವ ಹೆಸರು. ಎಳೆದು ಹಾಗೇ ಸುರಿದುಕೊಳ್ಳಬಹುದು. ಕೂತು ಕೆಲಸ ಮಾಡಲು ತಿರುಗುವ ಸ್ಟೂಲು. ಹೆಚ್ಚುವ ಕಟ್ಟೆಯಲ್ಲೇ ಹೊರಗೆ ಎಳೆದು ಚೆಲ್ಲಬಹುದಾದ ಕಸದ ಡ್ರಾಯರು. ಇಂಥ ಸುಮಾರು 10,000 ಅಡುಗೆಮನೆಗಳನ್ನು ಅಲ್ಲಿ ಕಟ್ಟಿದರು.

ನನಗೆ ಇದರಲ್ಲಿ ತುಂಬಾ ಇಷ್ಟ ಆಗಿದ್ದು ಆ ಕಸದ ಡ್ರಾಯರು. ಸಿಪ್ಪೆ ಹುಟ್ಟುವ ಜಾಗದಲ್ಲೇ ಅದರ ದಾರಿ. ಕಾಲಲ್ಲಿ ಒತ್ತಿದರೆ ಬಾಯಿ ಬಿಡುವ ಕಸದ ಡಬ್ಬಿ ಇದೆಯಲ್ಲ, ಅದರ ಹಿಂದೆ ಇರುವ ಹೆಸರು ಅಮೆರಿಕದ ಎಂಜಿನಿಯರ್ ಲಿಲಿಯನ್ ಗಿಲ್ಬ್ರೆತ್ ಅವರದು. ಫ್ರಿಜ್ಜಿನ ಬಾಗಿಲ ಒಳಗಿನ ಖಾನೆಗಳೂ ಅವರದೇ ಯೋಚನೆ. ಹನ್ನೆರಡು ಮಕ್ಕಳ ತಾಯಿ. ಎರಡೂ ಕೈ ತುಂಬಿರುವಾಗ ಮುಚ್ಚಳ ತೆಗೆಯಲು ಮೂರನೇ ಕೈ ಎಲ್ಲಿಂದ ಬರಬೇಕು ಅನ್ನುವುದು ಅವರಿಗಲ್ಲದೆ ಇನ್ಯಾರಿಗೆ ಹೊಳೆಯಬೇಕು?

ಕಟ್ಟಿದ ಮನೆಯಲ್ಲಿ ಡ್ರಾಯರು ಬದಲಿಸಲು ಆಗುವುದಿಲ್ಲ, ನಿಜ. ಆದರೆ ಕೋಣೆಗೊಂದು ಕಸದ ಬುಟ್ಟಿ ಇಡಬಹುದು. ಇಡೀ ಮನೆಗೆ ಅಡುಗೆಮನೆಯ ಮೂಲೆಯಲ್ಲಿ ಒಂದೇ ಬುಟ್ಟಿ ಇಟ್ಟು, ಹಾಲ್‌ನಲ್ಲಿ ಕಾಗದದ ಚೂರು ಬಿದ್ದಿದೆ ಅಂತ ಬೈಯುವ ಮನೆಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಒರೆಸುವ ಬಟ್ಟೆಯೂ ಅಷ್ಟೆ. ಬಚ್ಚಲಲ್ಲಿ ಬೇಕಾದ್ದು ಬಚ್ಚಲಲ್ಲೇ ಇರಲಿ.

ಲೆಕ್ಕದವ

ಎಲ್ಲರೂ ಗುಡ್ಡೆಯನ್ನು ಬೈಯುತ್ತಿದ್ದೀರಿ, ಅದರ ಪರವಾಗಿಯೂ ಒಬ್ಬರು ಮಾತಾಡಬೇಕಲ್ಲ. ನಾನು ಪ್ರೋಗ್ರಾಮರ್. 1985ರಲ್ಲಿ ಡೇನಿಯಲ್ ಸ್ಲೇಟರ್ ಮತ್ತು ರಾಬರ್ಟ್ ಟಾರ್ಜನ್ ಅನ್ನುವ ಕಂಪ್ಯೂಟರ್ ವಿಜ್ಞಾನಿಗಳು ಒಂದು ಲೆಕ್ಕ ಸಾಧಿಸಿ ತೋರಿಸಿದರು. ಒಂದು ಸಾಲಿನಲ್ಲಿ ವಸ್ತುಗಳಿವೆ. ನೀವು ಮುಂದಿನಿಂದ ಹುಡುಕುತ್ತಾ ಹೋಗುತ್ತೀರಿ, ಸಿಕ್ಕಿದ್ದನ್ನು ಬಳಸಿ ಸಾಲಿನ ಮುಂದಕ್ಕೇ ಇಡುತ್ತೀರಿ. ನಾಳೆ ಏನೇನು ಬೇಕಾಗುತ್ತದೆ ಅಂತ ಮೊದಲೇ ಗೊತ್ತಿರುವವನು ಎಷ್ಟೇ ಜಾಣತನದಿಂದ ಜೋಡಿಸಲಿ, ನಿಮ್ಮ ಹುಡುಕಾಟದ ಖರ್ಚು ಹೆಚ್ಚುಕಡಿಮೆ ಅವನದರ ಎರಡು ಪಟ್ಟಿನೊಳಗೇ ಇರುತ್ತದೆ. ಮೇಜಿನ ಮೇಲಿನ ಕಾಗದದ ಗುಡ್ಡೆ ಇದೇ ತಾನೇ? ಬಳಸಿದ್ದು ಮೇಲೆ, ಬಳಸದ್ದು ತಳಕ್ಕೆ.

ಜಪಾನಿನ ಅರ್ಥಶಾಸ್ತ್ರಜ್ಞ ಯುಕಿಯೊ ನೊಗುಚಿ ಕಡತ ಇಡಲು ಇದೇ ದಾರಿ ಹಿಡಿದರು. ವಿಷಯವಾರು ವಿಂಗಡಣೆ ಇಲ್ಲವೇ ಇಲ್ಲ. ಕಾಗದಗಳನ್ನು ದೊಡ್ಡ ಲಕೋಟೆಗೆ ಹಾಕಿ, ಹೆಸರು ಬರೆದು, ಸಾಲಿನ ಎಡ ತುದಿಗೆ ನಿಲ್ಲಿಸುವುದು. ತೆಗೆದು ಬಳಸಿದರೆ ವಾಪಸ್ ಮತ್ತೆ ಎಡ ತುದಿಗೇ. ಕೆಲವು ತಿಂಗಳಲ್ಲಿ ಬೇಡದ್ದೆಲ್ಲ ಬಲ ತುದಿಗೆ ಸರಿದಿರುತ್ತದೆ. "ಮನೆ", "ಬ್ಯಾಂಕು", "ಇತರೆ", "ಇತರೆ 2" ಅಂತ ಫೈಲು ಮಾಡುವವರು ಒಮ್ಮೆ ಪ್ರಯತ್ನಿಸಿ ನೋಡಿ.

ಹಳೇಬೀಗ

ಗುಡ್ಡೆಯನ್ನು ಒಬ್ಬನೇ ಮುಟ್ಟುವುದಾದರೆ ನಿಮ್ಮ ಲೆಕ್ಕ ಸರಿ. ನಾಲ್ಕು ಜನ ಸೇರಿಸಿದ ಗುಡ್ಡೆಯಲ್ಲಿ ಯಾರಿಗೂ ಏನೂ ಸಿಗುವುದಿಲ್ಲ. ಅದೂ ಊಟದ ಮೇಜಿನ ಮೇಲಿದ್ದರೆ ಊಟದ ಹೊತ್ತಿಗೆ ಎತ್ತಿ ಮಂಚದ ಮೇಲೆ, ಮಲಗುವ ಹೊತ್ತಿಗೆ ಮಂಚದಿಂದ ನೆಲಕ್ಕೆ. ಕ್ರಮ ಅಲ್ಲಿಗೆ ಮಣ್ಣುಪಾಲು.

ಜೊತೆಗೆ, ಕಳೆದುಹೋದರೆ ಪಡಿಪಾಟಲು ಪಡಬೇಕಾದ ಕಾಗದಗಳಿರುತ್ತವೆ. ಜನನ ಪ್ರಮಾಣಪತ್ರ, ಮನೆ ಪತ್ರ, ಅಂಕಪಟ್ಟಿ. ಇವು ವರ್ಷಕ್ಕೊಮ್ಮೆಯೂ ಬೇಕಾಗುವುದಿಲ್ಲ. ನಿಮ್ಮ ಲೆಕ್ಕದಲ್ಲಿ ಸೀದಾ ತಳಕ್ಕೆ ಹೋಗುತ್ತವೆ, ತಳದಿಂದ ಕಸಕ್ಕೆ.

ಲೆಕ್ಕದವ

ಎರಡನೆಯದು ಒಪ್ಪಿದೆ, ಅವುಗಳಿಗೆ ಬೇರೆ ಬೀಗದ ಪೆಟ್ಟಿಗೆ. ಮೊದಲನೆಯದಕ್ಕೆ ಒಬ್ಬೊಬ್ಬರಿಗೂ ಒಂದೊಂದು ಟ್ರೇ. ನಿಮ್ಮ ಗುಡ್ಡೆ ನಿಮ್ಮ ಟ್ರೇಯಲ್ಲಿ. ಅಂಚು ದಾಟಿದ ದಿನ ತಳದಿಂದ ತೆಗೆದು ನೋಡಬೇಕು.

ನಿಧಾನಿ

ಮೊದಲ ಪ್ರಶ್ನೆಗೆ ಬರುತ್ತೇನೆ, ನೀಟಾಗಿ ಇರುವವರು ದಿನಾ ಏನು ಮಾಡುತ್ತಾರೆ ಅಂತ. ಅವರಲ್ಲಿ ಹೆಚ್ಚಿನವರು ರಜೆ ದಿನ ಅರ್ಧ ದಿನ ಕೂತು ಮಾಡುವುದಿಲ್ಲ. ಅವರ ಕೆಲಸಗಳಿಗೆ ಬಾಲ ಇರುತ್ತದೆ. ಒಲೆ ಆರಿಸಿದ ಕೈಯಲ್ಲೇ ಕಟ್ಟೆ ಒರೆಸುತ್ತಾರೆ. ಹಲ್ಲುಜ್ಜಿ ಮುಗಿಸಿ ಸಿಂಕಿಗೆ ಒಂದು ಸಲ ಕೈಯಾಡಿಸುತ್ತಾರೆ. ಕೋಣೆಯಿಂದ ಕೋಣೆಗೆ ಹೋಗುವಾಗ ಅಲ್ಲಿಗೆ ಸೇರಬೇಕಾದ ಏನಾದರೂ ಒಂದು ಕೈಯಲ್ಲಿರುತ್ತದೆ. ಪೊಟ್ಟಣ ಬಿಚ್ಚಿದರೆ ರಟ್ಟನ್ನು ಆಗಲೇ ಮಡಚಿ ಹೊರಗಿಡುತ್ತಾರೆ. ಕೇಳಿದರೆ "ನಾನೇನೂ ಮಾಡೋದಿಲ್ಲಪ್ಪ" ಅನ್ನುತ್ತಾರೆ. ನಿಜವಾಗಿಯೂ ಅವರಿಗೆ ಗೊತ್ತಾಗುವುದಿಲ್ಲ, ಅಷ್ಟು ಒಗ್ಗಿಹೋಗಿರುತ್ತದೆ.

ಒಗ್ಗಲು ಎಷ್ಟು ದಿನ ಬೇಕು? 21 ದಿನ ಅನ್ನುವ ಮಾತನ್ನು ಎಲ್ಲರೂ ಕೇಳಿರುತ್ತೀರಿ. ಅದು ಮ್ಯಾಕ್ಸ್‌ವೆಲ್ ಮಾಲ್ಟ್ಸ್ ಅನ್ನುವ ಪ್ಲಾಸ್ಟಿಕ್ ಸರ್ಜನ್ 1960ರಲ್ಲಿ ಬರೆದದ್ದರಿಂದ ಹುಟ್ಟಿದ್ದು. ಶಸ್ತ್ರಚಿಕಿತ್ಸೆ ಆದವರಿಗೆ ತಮ್ಮ ಹೊಸ ಮುಖ ರೂಢಿಯಾಗಲು ಕನಿಷ್ಠ 21 ದಿನವಾದರೂ ಹಿಡಿಯುತ್ತದೆ ಅಂತ ಅವರು ಹೇಳಿದ್ದರು. ಬಾಯಿಂದ ಬಾಯಿಗೆ ಹೋಗುತ್ತಾ "ಕನಿಷ್ಠ" ಬಿದ್ದುಹೋಯಿತು, ಮುಖವೂ ಮಾಯವಾಯಿತು, 21 ಮಾತ್ರ ಉಳಿಯಿತು.

ನಿಜವಾಗಿ ಅಳೆದು ನೋಡಿದವರು ಯೂನಿವರ್ಸಿಟಿ ಕಾಲೇಜ್ ಲಂಡನ್‌ನ ಫಿಲಿಪ್ಪಾ ಲ್ಯಾಲಿ ಮತ್ತು ಜೊತೆಗಾರರು. 2010ರಲ್ಲಿ ಅಚ್ಚಾದ ಆ ಅಧ್ಯಯನದಲ್ಲಿ 96 ಜನ ಒಂದೊಂದು ಹೊಸ ಕೆಲಸವನ್ನು 12 ವಾರ ದಿನಾ ಮಾಡಿದರು. ಅದು ಯೋಚನೆಯಿಲ್ಲದೆ ನಡೆಯುವ ಹಂತಕ್ಕೆ ಬರಲು ನಡುಮಟ್ಟದ ಲೆಕ್ಕ 66 ದಿನ. ಆದರೆ ಕೆಲವರಿಗೆ 18 ದಿನ ಸಾಕಾಯಿತು, ಕೆಲವರ ಅಂದಾಜು 254 ದಿನದವರೆಗೂ ಹೋಯಿತು. ಒಂದು ಲೋಟ ನೀರು ಕುಡಿಯುವಂಥ ಸಣ್ಣ ಕೆಲಸ ಬೇಗ ಕೂತಿತು, ವ್ಯಾಯಾಮ ನಿಧಾನ. ನನಗೆ ಸಮಾಧಾನ ಕೊಟ್ಟ ಅಂಶ ಇನ್ನೊಂದು. ನಡುವೆ ಒಂದು ದಿನ ತಪ್ಪಿದ್ದರಿಂದ ಹೇಳಿಕೊಳ್ಳುವಂಥ ನಷ್ಟ ಆಗಲಿಲ್ಲ. ಹಾಗಾಗಿ ಒಂದು ದಿನ ಕೈಬಿಟ್ಟಿತು ಅಂತ ಎಲ್ಲವನ್ನೂ ಕೈಬಿಡಬೇಡಿ.

ಒಮ್ಮೆಗೆ ಒಂದೇ ಅಭ್ಯಾಸ ಹಿಡಿಯಿರಿ. ಗಡಿಯಾರಕ್ಕೆ ಕಟ್ಟಬೇಡಿ, ಈಗಾಗಲೇ ತಪ್ಪದೆ ನಡೆಯುವ ಕೆಲಸಕ್ಕೆ ಕಟ್ಟಿ. "ರಾತ್ರಿ 9ಕ್ಕೆ ಅಡುಗೆಮನೆ" ಅಂದರೆ 9ಕ್ಕೆ ಫೋನ್ ಬರುತ್ತದೆ. "ಕೊನೆಯ ತಟ್ಟೆ ತೊಳೆದ ಮೇಲೆ ಕಟ್ಟೆ" ಅಂದರೆ ಕೊನೆಯ ತಟ್ಟೆ ಬಂದೇ ಬರುತ್ತದೆ.

ಕುರ್ಚಿಮೇಲಿನಬಟ್ಟೆ

ಇದು ಚೆನ್ನಾಗಿದೆ. ಶುರು ಮಾಡಲು ಒಂದೇ ಒಂದು ಅಂದರೆ ಯಾವುದು ಹೇಳ್ತೀರಿ?

ನಿಧಾನಿ

ಮಲಗುವ ಮುಂಚಿನ ಹತ್ತು ನಿಮಿಷ. ಟೈಮರ್ ಇಟ್ಟು, ಮನೆಯಲ್ಲಿರುವವರೆಲ್ಲ ಒಟ್ಟಿಗೆ. ಆದರೆ ಕೋಣೆ ಕೋಣೆಯಾಗಿ ಹೋಗಬೇಡಿ, ಒಂದೇ ಕೋಣೆಯಲ್ಲಿ ಹತ್ತು ನಿಮಿಷ ಮುಗಿಯುತ್ತೆ. ಬಗೆ ಬಗೆಯಾಗಿ ಹೋಗಿ. ಒಂದು ಸುತ್ತು ಬರೀ ಕಸ. ಎರಡನೇ ಸುತ್ತು ಲೋಟ ತಟ್ಟೆ. ಮೂರನೆಯದು ಬಟ್ಟೆ. ನಾಲ್ಕನೆಯದು ಜಾಗ ಗೊತ್ತಿರುವ ವಸ್ತುಗಳು. ಇಷ್ಟಾದ ಮೇಲೆ ಉಳಿದಿದ್ದು ಜಾಗವೇ ಇಲ್ಲದ್ದು, ಅದನ್ನು ಒಂದು ಬುಟ್ಟಿಗೆ ಹಾಕಿ ಬಿಟ್ಟುಬಿಡಿ. ರಾತ್ರಿ ಹೊತ್ತು ಅದರ ಬಗ್ಗೆ ತೀರ್ಮಾನ ಮಾಡಲು ಕೂತರೆ ನಿದ್ದೆಯೂ ಹೋಯ್ತು, ಮೂಡೂ ಹೋಯ್ತು. ಗಂಟೆ ಬಾರಿಸಿದ ಕೂಡಲೇ ನಿಲ್ಲಿಸಬೇಕು. ನಿಲ್ಲಿಸದಿದ್ದರೆ ನಾಳೆ ಯಾರೂ ಬರುವುದಿಲ್ಲ.

ಎರಡನೇಪ್ರಶ್ನೆ

ಎಲ್ಲ ಸರಿ. ಕೇಳಿದ ಎರಡನೇ ಪ್ರಶ್ನೆಯನ್ನು ಯಾರೂ ಮುಟ್ಟಲೇ ಇಲ್ಲವಲ್ಲ? ಕೊಕ್ಕೆ, ಗೂಟ, ಟ್ರೇ ಎಲ್ಲ ಸಿಕ್ಕಿತು. ಅವುಗಳನ್ನು ತರಬೇಕು ಅಂತ ಯೋಚಿಸುವವರು, ತರುವವರು, ಗೋಡೆಗೆ ಹೊಡೆಸುವವರು, ಆಮೇಲೆ "ಇಲ್ಲಿ ಹಾಕ್ರೋ" ಅಂತ ಹೇಳುವವರು ಯಾರು? ಅದೇ ಒಬ್ಬರು.

ಲಾಸ್ ಏಂಜಲೀಸ್‌ನಲ್ಲಿ ಡಾರ್ಬಿ ಸ್ಯಾಕ್ಸ್‌ಬಿ ಮತ್ತು ರೀನಾ ರೆಪೆಟ್ಟಿ ಅನ್ನುವ ಮನಶ್ಶಾಸ್ತ್ರಜ್ಞರು ಮಾಡಿದ ಅಧ್ಯಯನ ಒಂದಿದೆ, 2010ರದ್ದು. ಇಬ್ಬರೂ ದುಡಿಯುವ 30 ದಂಪತಿಗಳು. ಒಬ್ಬೊಬ್ಬರೂ ಕ್ಯಾಮೆರಾ ಹಿಡಿದು ತಮ್ಮ ಮನೆ ತೋರಿಸುತ್ತಾ ವಿವರಿಸಬೇಕು. ಆ ಮಾತಿನಲ್ಲಿ ಚೆಲ್ಲಾಪಿಲ್ಲಿ, ಮುಗಿಯದ ಕೆಲಸ ಅನ್ನುವಂಥ ಪದ ಎಷ್ಟು ಬರುತ್ತದೆ ಅಂತ ಎಣಿಸಿದರು. ಜೊಲ್ಲಿನಲ್ಲಿ ಕಾರ್ಟಿಸಾಲ್ ಅಳೆದರು. ಇದು ಒತ್ತಡದ ಹಾರ್ಮೋನು, ಬೆಳಿಗ್ಗೆ ಜಾಸ್ತಿ ಇದ್ದು ಸಂಜೆಗೆ ಇಳಿಯಬೇಕು. ಮನೆಯನ್ನು ಆ ಪದಗಳಲ್ಲಿ ಬಣ್ಣಿಸಿದ ಹೆಂಡತಿಯರಲ್ಲಿ ಅದು ಸರಿಯಾಗಿ ಇಳಿಯುತ್ತಿರಲಿಲ್ಲ. ಅದಕ್ಕೇ "ಸ್ವಲ್ಪ ಹರಡಿದ್ದರೆ ಏನಾಯ್ತು, ಆರಾಮಾಗಿರು" ಅನ್ನುವವರಿಗೆ ಹೇಳುತ್ತಿದ್ದೇನೆ, ಮೈ ಆರಾಮಾಗಿ ಇರಲು ಬಿಡುವುದಿಲ್ಲ.

ಹೇಳಿದರೆಮಾಡುವೆ

ನನ್ನ ಹೆಸರೇ ಹೇಳುವ ಹಾಗೆ, ಹೇಳಿದರೆ ಮಾಡುತ್ತೇವೆ ಮೇಡಂ. ಹೇಳದೆ ಹೇಗೆ ಗೊತ್ತಾಗಬೇಕು?

ಎರಡನೇಪ್ರಶ್ನೆ

ಹೇಳುವುದೇ ಒಂದು ಕೆಲಸ ಸರ್. ನೋಡಬೇಕು, ನೆನಪಿಟ್ಟುಕೊಳ್ಳಬೇಕು, ನಿಮ್ಮ ಮುಖ ನೋಡಿ ಸಮಯ ಸಾಧಿಸಬೇಕು, ಹೇಳಬೇಕು, ಆಯ್ತಾ ಅಂತ ಮತ್ತೆ ಕೇಳಬೇಕು. ಅಷ್ಟರಲ್ಲಿ ನಾನೇ ಮಾಡಿ ಮುಗಿಸಿರುತ್ತೇನೆ.

ಮುಚ್ಚಳವಿಲ್ಲದಬುಟ್ಟಿ

ಇಬ್ಬರೂ ಇಲ್ಲಿಯೇ ಇದ್ದೀರಿ, ಒಂದು ಒಪ್ಪಂದ ಹೇಳುತ್ತೇನೆ. ಬಿಡಿ ಬಿಡಿ ಕೆಲಸ ಹಂಚಿಕೊಳ್ಳಬೇಡಿ, ಇಡೀ ವಿಷಯ ಹಂಚಿಕೊಳ್ಳಿ. "ಬಟ್ಟೆ ನಿಮ್ಮದು" ಅಂದರೆ ಬುಟ್ಟಿ ತುಂಬಿದ್ದನ್ನು ನೋಡುವುದು, ಸೋಪಿನ ಪುಡಿ ಖಾಲಿಯಾಗುವ ಮುಂಚೆ ತರುವುದು, ಒಗೆಯುವುದು, ಒಣಗಿಸುವುದು, ಮಡಚುವುದು, ಕಪಾಟಿಗೆ ಸೇರಿಸುವುದು, ಎಲ್ಲ. ಮಗುವಿನ ಸಮವಸ್ತ್ರ ಒಣಗಿಲ್ಲ ಅಂದರೆ ಆ ಬೆಳಗಿನ ಗಡಿಬಿಡಿಯೂ ನಿಮ್ಮದೇ. ಕೊಟ್ಟವರು ಆಮೇಲೆ ಬಾಯಿ ಹಾಕಬಾರದು. ಟವೆಲ್ ಉದ್ದಕ್ಕೆ ಮಡಚಿದರು ಅಂತ ಬಿಚ್ಚಿ ಅಡ್ಡಕ್ಕೆ ಮಡಚಿದರೆ ಆ ಮನುಷ್ಯ ಮತ್ತೆ ಟವೆಲ್ ಮುಟ್ಟುವುದಿಲ್ಲ. ಯಾವ ಮಟ್ಟಕ್ಕೆ ಆದರೆ ಆಯಿತು ಅನ್ನುವುದನ್ನು ಮೊದಲೇ ಕೂತು ಮಾತಾಡಿಕೊಳ್ಳಿ.

ಹೇಳಿದರೆಮಾಡುವೆ

ಉದ್ದಕ್ಕೆ ಮಡಚಿದ್ದು ನಾನೇ. ಬಿಚ್ಚಿದ್ದೂ ನೋಡಿದ್ದೇನೆ. ಈ ಸಂಭಾಷಣೆಯನ್ನು ಮನೆಗೆ ಕಳಿಸುತ್ತಿದ್ದೇನೆ.

ಚಿಕ್ಕಕೈ

ಮಕ್ಕಳ ಬಗ್ಗೆ ಬೇಗ ಒಂದೆರಡು. ಆಟಿಕೆಗೆ ಹತ್ತು ಖಾನೆಯ ಪೆಟ್ಟಿಗೆ ತರಬೇಡಿ. ಮೂರು ದೊಡ್ಡ ತೆರೆದ ಡಬ್ಬ ಸಾಕು, ಮುಂದೆ ಚಿತ್ರ ಅಂಟಿಸಿ, ಓದಲು ಬಾರದವರಿಗೂ ಗೊತ್ತಾಗಬೇಕು. ಅರ್ಧ ಆಟಿಕೆ ಅಟ್ಟದಲ್ಲಿರಲಿ, ಆಗಾಗ ಅದಲು ಬದಲು ಮಾಡಿ. ಹಳೆಯದು ಹೊಸದಾಗಿ ಕಾಣುತ್ತೆ, ನೆಲದ ಮೇಲೆ ಬೀಳುವುದೂ ಅರ್ಧ. "ಕೋಣೆ ಓರಣ ಮಾಡು" ಅಂದರೆ ಮಗುವಿಗೆ ಏನೂ ಅರ್ಥ ಆಗುವುದಿಲ್ಲ. "ಚಕ್ರ ಇರೋದೆಲ್ಲ ಈ ಡಬ್ಬಕ್ಕೆ" ಅಂದರೆ ಆಗುತ್ತೆ. ಮತ್ತೆ ಬಟ್ಟೆಯ ಗೂಟ ಮಗುವಿನ ಎತ್ತರಕ್ಕೆ ಇರಬೇಕು, ನಿಮ್ಮ ಎತ್ತರಕ್ಕಲ್ಲ.

ಹೊಳಪು

ಓರಣದ ಜೊತೆ ಬಚ್ಚಲ ಕಲೆಗೂ ಒಂದು ಸುಲಭ ದಾರಿ: ಬ್ಲೀಚಿಗೆ ಸ್ವಲ್ಪ ವಿನೆಗರ್ ಸೇರಿಸಿ ಹತ್ತು ನಿಮಿಷ ಬಿಡಿ, ಫಳಫಳ.

ಗೆರೆಕೋಲು

ಯಾರೂ ಇದನ್ನು ಮಾಡಬೇಡಿ, ದಯವಿಟ್ಟು. ಬ್ಲೀಚಿಗೆ ವಿನೆಗರ್ ಅಥವಾ ಯಾವುದೇ ಆಸಿಡ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ. ಕಿಟಕಿ ಇಲ್ಲದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಕುತ್ತು. ಅಮೋನಿಯ ಇರುವ ಗಾಜು ಒರೆಸುವ ದ್ರಾವಣಕ್ಕೆ ಸೇರಿದರೂ ವಿಷಾನಿಲವೇ. ಒಂದು ಹೊತ್ತಿಗೆ ಒಂದೇ ದ್ರಾವಣ, ನಡುವೆ ಧಾರಾಳ ನೀರು. ಇನ್ನೊಂದು, ಅಮೃತಶಿಲೆಯ ಮೇಲೆ ಬರೀ ವಿನೆಗರ್ ಕೂಡ ಬೇಡ. ಆ ಕಲ್ಲಿನಲ್ಲಿರುವುದು ಕ್ಯಾಲ್ಸಿಯಂ ಕಾರ್ಬೊನೇಟ್, ಆಸಿಡ್ ಅದನ್ನು ತಿನ್ನುತ್ತದೆ. ಹೊಳಪು ಹೋದರೆ ಪಾಲಿಶ್ ಮಾಡಿಸದೆ ವಾಪಸ್ ಬರುವುದಿಲ್ಲ.

ಹೊಳಪು

ಸರಿ ಸರ್, ಗೊತ್ತಿರಲಿಲ್ಲ. ಯಾರಾದರೂ ಮಾಡರೇಟರ್ ನನ್ನ ಪೋಸ್ಟ್ ತೆಗೆದುಬಿಡಿ.

ಬಿಡಲಾರೆ

ಒಂದೇಸಾಲು ಅವರ ಸಲಹೆ ನನಗೆ ಹಿಡಿಸಿತು, ಆದರೆ ಕೈ ಬರುವುದಿಲ್ಲ. ಹಾಕದ ಬಟ್ಟೆ, ಓಡದ ಮಿಕ್ಸಿ, ಯಾರೋ ಕೊಟ್ಟ ಹೂದಾನಿ. ಕೈಗೆತ್ತಿಕೊಂಡರೆ "ಮುಂದೆ ಬೇಕಾದರೆ?" ಅನ್ನಿಸುತ್ತೆ.

ನಿಧಾನಿ

ನಿಮ್ಮೊಬ್ಬರ ಕಥೆ ಅಲ್ಲ. ಡೇನಿಯಲ್ ಕಾನೆಮನ್, ಜ್ಯಾಕ್ ನೆಚ್, ರಿಚರ್ಡ್ ಥೇಲರ್ ಮೂವರೂ ಸೇರಿ ನಡೆಸಿದ ಪ್ರಯೋಗ 1990ರಲ್ಲಿ ಪ್ರಕಟವಾಯಿತು. ತರಗತಿಯಲ್ಲಿ ಅರ್ಧ ವಿದ್ಯಾರ್ಥಿಗಳಿಗೆ ಒಂದೊಂದು ಮಗ್ ಕೊಟ್ಟರು. ಎಷ್ಟಕ್ಕೆ ಮಾರುತ್ತೀರಿ ಅಂತ ಅವರನ್ನು, ಎಷ್ಟಕ್ಕೆ ಕೊಳ್ಳುತ್ತೀರಿ ಅಂತ ಉಳಿದವರನ್ನು ಕೇಳಿದರು. ಕೈಯಲ್ಲಿ ಮಗ್ ಇದ್ದವರು ಹೇಳಿದ ಬೆಲೆ ಹೆಚ್ಚುಕಡಿಮೆ ಎರಡು ಪಟ್ಟು. ಅದು ಅವರದಾಗಿ ಇನ್ನೂ ಒಂದು ದಿನವೂ ಆಗಿರಲಿಲ್ಲ!

ಹಾಗಾಗಿ "ಇದನ್ನು ಬಿಡಲಾ?" ಅಂತ ಕೇಳಿಕೊಳ್ಳಬೇಡಿ. "ಇದು ನನ್ನ ಹತ್ತಿರ ಇಲ್ಲದಿದ್ದರೆ ಇವತ್ತು ದುಡ್ಡು ಕೊಟ್ಟು ತರುತ್ತಿದ್ದೆನಾ?" ಅಂತ ಕೇಳಿ. ಓಡದ ಮಿಕ್ಸಿಗೆ ಉತ್ತರ ತಕ್ಷಣ ಬರುತ್ತೆ. ಹೂದಾನಿ ಕಷ್ಟ, ಅದರ ಜೊತೆ ಒಬ್ಬ ಮನುಷ್ಯ ಇದ್ದಾನೆ. ಅದನ್ನು ಕೊನೆಗೆ ಇಟ್ಟುಕೊಳ್ಳಿ. ಹಳೇ ಫೋಟೋ, ಕಾಗದಗಳಿಂದ ಶುರು ಮಾಡಿದವರು ಅಲ್ಲೇ ಕೂತು ಓದುತ್ತಾ ಸಂಜೆ ಮಾಡುತ್ತಾರೆ.

ಹಳೇಬೀಗ

ಇಲ್ಲಿ ಒಂದು ಎಚ್ಚರಿಕೆ. ಮನೆಯಲ್ಲಿ ಯಾರಾದರೂ ಹಳೇ ಪೇಪರು, ಖಾಲಿ ಡಬ್ಬ ಯಾವುದನ್ನೂ ಬಿಡದೆ, ಮಂಚ, ಒಲೆ ಬಳಸಲೂ ಆಗದಷ್ಟು ತುಂಬಿಕೊಂಡಿದ್ದರೆ ಅದು ಅಶಿಸ್ತು ಅಲ್ಲ. 2013ರಿಂದ ಅಮೆರಿಕದ ಮನೋವೈದ್ಯರ ಕೈಪಿಡಿಯಲ್ಲಿ ಅದನ್ನು ಬೇರೆಯದೇ ಕಾಯಿಲೆಯಾಗಿ ಗುರುತಿಸಿದ್ದಾರೆ. ಅವರಿಲ್ಲದಾಗ ಎಲ್ಲ ಖಾಲಿ ಮಾಡಿಸಿದರೆ ನಿಮ್ಮ ಮೇಲಿನ ನಂಬಿಕೆ ಹೋಗುತ್ತದೆ, ಸಾಮಾನು ಮತ್ತೆ ತುಂಬಿಕೊಳ್ಳುತ್ತದೆ. ವೈದ್ಯರ ಹತ್ತಿರ ಮಾತಾಡಿ. ಅಲ್ಲಿಯವರೆಗೆ ಓಡಾಡುವ ದಾರಿ, ಒಲೆಯ ಸುತ್ತ, ವಿದ್ಯುತ್ ಬೋರ್ಡಿನ ಮುಂದೆ, ಇಷ್ಟು ಖಾಲಿ ಇಡಲು ಅವರನ್ನು ಒಪ್ಪಿಸಿದರೆ ದೊಡ್ಡದು.

ಕುರ್ಚಿಮೇಲಿನಬಟ್ಟೆ

ಎಲ್ಲರಿಗೂ ಧನ್ಯವಾದ. ಗೂಟಕ್ಕೆ ಬಡಗಿಯವರನ್ನು ಕರೆದಿದ್ದೇನೆ. ಟ್ರೇ ನಾಲ್ಕು ಸಿಕ್ಕಿತು. ಬಟ್ಟೆಯ ವಿಷಯ ಪೂರ್ತಿ ನನ್ನವರಿಗೆ, ಅಡುಗೆಮನೆ ಪೂರ್ತಿ ನನಗೆ, ಬಚ್ಚಲಿನ ಬಗ್ಗೆ ಇನ್ನೂ ಜಗಳ ನಡೆಯುತ್ತಿದೆ. ಕೊನೆಗೆ ಒಂದು ಉಳಿದಿದೆ. ವೈರಿನ ಡಬ್ಬ. ಯಾವುದು ಯಾವುದಕ್ಕೆ ಅಂತ ಯಾರಿಗೂ ಗೊತ್ತಿಲ್ಲ, ಎಸೆಯಲು ಧೈರ್ಯ ಇಲ್ಲ.

ಸ್ಪ್ಯಾನರ್

ಅದು ನನ್ನ ಇಲಾಖೆ. ಡಬ್ಬವನ್ನು ನೆಲದ ಮೇಲೆ ಸುರಿದುಕೊಳ್ಳಿ. ಮೊದಲು ಮನೆಯಲ್ಲಿ ಸದ್ಯ ಓಡುತ್ತಿರುವ ಯಂತ್ರಗಳನ್ನು ಒಂದೊಂದಾಗಿ ತಂದು ಅದರದರ ವೈರು ಹುಡುಕಿ. ಸಿಕ್ಕಿದ್ದಕ್ಕೆ ಗೋಡೆಗೆ ಚುಚ್ಚುವ ತುದಿಯಲ್ಲಿ ಕಾಗದದ ಟೇಪು ಸುತ್ತಿ ಹೆಸರು ಬರೆಯಿರಿ. ಆ ತುದಿಯೇ ಯಾಕೆ ಅಂದರೆ, ಎಕ್ಸ್‌ಟೆನ್ಷನ್ ಬೋರ್ಡಿನಲ್ಲಿ ಯಾವುದನ್ನು ಕೀಳಬೇಕು ಅಂತ ತಡಕಾಡುವುದು ಅಲ್ಲಿ.

ಅಡಾಪ್ಟರುಗಳ ಮೇಲೆ ಔಟ್‌ಪುಟ್ ಅಂತ ವೋಲ್ಟು, ಆಂಪಿಯರ್ ಅಚ್ಚಾಗಿರುತ್ತದೆ. ಯಂತ್ರಕ್ಕೆ ಬೇಕಾದ ವೋಲ್ಟು ಅಷ್ಟೇ ಇರಬೇಕು, ಆಂಪಿಯರ್ ಅಷ್ಟೋ ಅದಕ್ಕಿಂತ ಜಾಸ್ತಿಯೋ ಇರಬಹುದು, ಕಡಿಮೆ ಆಗಬಾರದು. ಪಿನ್ನಿನ ಪ್ಲಸ್ ಮೈನಸ್ ಗುರುತೂ ಹೊಂದಬೇಕು. ಪಿನ್ನು ಕೂತಿತು ಅಂತ ಚುಚ್ಚಿ ನೋಡಬೇಡಿ. ಒಡತಿ ಸಿಗದ ವೈರುಗಳನ್ನು ಒಂದು ಚೀಲಕ್ಕೆ ಹಾಕಿ ಇವತ್ತಿನ ತಾರೀಕು ಬರೆಯಿರಿ. ಆರು ತಿಂಗಳು ಯಾರೂ ಚೀಲ ಬಿಚ್ಚದಿದ್ದರೆ ಇ-ತ್ಯಾಜ್ಯಕ್ಕೆ ಕೊಡಿ. ಡಬ್ಬದ ತಳದಲ್ಲಿ ಬಿಡಿ ಬ್ಯಾಟರಿಗಳಿದ್ದರೆ ಎರಡೂ ತುದಿಗೆ ಟೇಪು ಅಂಟಿಸಿ ಬೇರೆ ಇಡಿ, ಅದರಲ್ಲೂ ಚೌಕದ 9 ವೋಲ್ಟಿನದ್ದು. ಸೇಫ್ಟಿ ಪಿನ್ನೋ ಮೊಳೆಯೋ ಅದರ ಎರಡು ತಲೆಗೂ ತಾಗಿದರೆ ಕಾದು ಬೆಂಕಿ ಹತ್ತುವುದೂ ಇದೆ.